ಕೈಕಟ್ಟಿ ಕೂತರೆ ಇಲ್ಲಿ ಗ್ರೇಡ್ ಬರಲ್ಲ

ಮಗಳು ಮೈಸೂರಿನ ಕುವೆಂಪುನಗರದಲ್ಲಿ ಮೂರನೇ ಕ್ಲಾಸು, ಜರ್ಮನಿಯ ಮ್ಯೂನಿಕ್‌ಗೆ ಬರುತ್ತಿದ್ದೇವೆ, ಅಲ್ಲಿ ಓದು ಸುಲಭವಾ ಅಕ್ಕ ಅಂತ ಕೇಳಿದ್ದೀರಿ. ಸರ್ಕಾರಿ ಶಾಲೆಗೆ ಫೀಸಿಲ್ಲ, ಡೊನೇಷನ್ ಇಲ್ಲ, ಹೋಂವರ್ಕೂ ನಮ್ಮಷ್ಟಿಲ್ಲ. ಅಷ್ಟರಮಟ್ಟಿಗೆ ಸುಲಭ. ಆದರೆ ನೀವು ಬರುತ್ತಿರುವ ಹೊತ್ತು ಸ್ವಲ್ಪ ಬಿಗಿ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿವರೆಗೆ ಎಲ್ಲರದೂ ಒಂದೇ ದಾರಿ. 625ಕ್ಕೆ ಎಷ್ಟು ಬಂತು ಅಂತ ನೋಡಿ ಆಮೇಲೆ ಸೈನ್ಸೋ ಕಾಮರ್ಸೋ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಆ ಕವಲು ನಾಲ್ಕನೇ ಕ್ಲಾಸಿಗೇ ಬರುತ್ತದೆ. ಮೇ ತಿಂಗಳಲ್ಲಿ ಒಂದು ಸರ್ಟಿಫಿಕೇಟ್ ಕೊಡುತ್ತಾರೆ. ಜರ್ಮನ್, ಗಣಿತ, ಪರಿಸರ ಪಾಠ, ಈ ಮೂರರ ಸರಾಸರಿ 2.33ರೊಳಗಿದ್ದರೆ ಯೂನಿವರ್ಸಿಟಿ ಕಡೆಗೆ ಒಯ್ಯುವ ಗಿಮ್ನಾಜಿಯಂ, 2.66ರೊಳಗಿದ್ದರೆ ನಡುವಿನ ದರ್ಜೆಯ ರಿಯಾಲ್‌ಶೂಲೆ, ಮಿಕ್ಕವರಿಗೆ ಕೈಕಸುಬಿನ ಕಡೆಗೆ ಒಲವಿರುವ ಮಿಟ್ಟೆಲ್‌ಶೂಲೆ. ಹೌದು, ನಂಬರ್ ಕಡಿಮೆ ಇದ್ದಷ್ಟೂ ಒಳ್ಳೆಯದು. 1 ಅಂದರೆ ಬಹಳ ಚೆನ್ನ, 6 ಅಂದರೆ ಕಥೆ ಮುಗಿಯಿತು. ಮಗನಿಗೆ ಗಣಿತದಲ್ಲಿ 1 ಬಂದಿದೆ ಅಂತ ಮಂಡ್ಯಕ್ಕೆ ಫೋನ್ ಮಾಡಿದರೆ ನಮ್ಮತ್ತೆ, "ಹೋಗ್ಲಿ ಬಿಡವ್ವ, ಬಯ್ಯಬೇಡ, ಹೊಸ ಜಾಗ" ಅಂದರು!

ಈಗಲೇ ಗಾಬರಿ ಬೇಡ. ಒಂದನೇ ಕ್ಲಾಸಿಂದ ಇಲ್ಲಿ ಓದದ, ಮನೆಮಾತು ಬೇರೆ ಇರುವ ಮಕ್ಕಳಿಗೆ 3.33ರವರೆಗೆ ವಿನಾಯಿತಿ ಸಿಗಬಹುದು. ಆಮೇಲೆ ದಾರಿ ಬದಲಿಸಲೂ ಅವಕಾಶವಿದೆ.

ನಾವು ಎಡವಿದ್ದು ಬೇರೆ ಕಡೆ. ಮೊದಲ ಪೇರೆಂಟ್ಸ್ ಮೀಟಿಂಗು. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂತಿದ್ದೆವು. ಟೀಚರ್ ಮೆಲ್ಲಗೆ, "ಅವನಿಗೆ ಇಲ್ಲಿ ಭಯವಾ? ದಿನವಿಡೀ ಹೀಗೇ ಇರುತ್ತಾನೆ" ಅಂತ ತಾವೇ ಎರಡೂ ಕೈ ಎದೆಗೆ ಕಟ್ಟಿ ತೋರಿಸಿದರು. ಪಾಪ, ಊರಲ್ಲಿ ಅವನು ಜಾಣ ಅನಿಸಿಕೊಂಡಿದ್ದೇ ಹಾಗೆ ಕೂತು. ಕೈ ಕಟ್ಟು, ಬಾಯಿ ಮೇಲೆ ಬೆರಳು. ಇಲ್ಲಿ ಕ್ಲಾಸಲ್ಲಿ ಬೆರಳೆತ್ತಿ ಮಾತಾಡುವುದೂ ಗ್ರೇಡಿಗೆ ಲೆಕ್ಕ. ತಪ್ಪಾದರೂ ಸರಿ, ಬಾಯಿ ಬಿಡಬೇಕು. ಟೆಸ್ಟಲ್ಲಿ ಚೆನ್ನಾಗಿ ಬರೆದೂ ಅವನ ಗ್ರೇಡ್ ಕೆಟ್ಟಿತ್ತು. ಆಮೇಲೆ ಊಟಕ್ಕೆ ಕೂತಾಗಲೆಲ್ಲ, "ಇವತ್ತು ಎಷ್ಟು ಸಲ ಬೆರಳೆತ್ತಿದೆ?" ಅನ್ನುವುದೇ ನಮ್ಮ ಪ್ರಶ್ನೆ. ಮೊದಲ ವಾರ ಸೊನ್ನೆ. ಒಂದು ದಿನ, "ಎರಡು ಸಲ, ಒಂದು ತಪ್ಪಾಯ್ತು" ಅಂದ. ಅವತ್ತು ಪಾಯಸ ಮಾಡಿದೆ. ನಿಮ್ಮ ಮಗಳು ಮಗ್ಗಿಯಲ್ಲಿ ಮುಂದೆಯೇ ಇರಬಹುದು, ಜರ್ಮನ್ ಮಾತಾಡುವುದನ್ನು ಮಾತ್ರ ಇವತ್ತಿಂದಲೇ ಶುರುಮಾಡಿಸಿ.

ಇನ್ನು ಪ್ರೈಮರಿ ಶಾಲೆ ಮಧ್ಯಾಹ್ನ ಒಂದರ ಹೊತ್ತಿಗೆಲ್ಲ ಬಿಟ್ಟುಬಿಡುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಮಧ್ಯಾಹ್ನ ಮಗು ನೋಡಿಕೊಳ್ಳುವ ಹೋರ್ಟ್‌ಗೆ ಮನೆ ಹುಡುಕುವಾಗಲೇ ಅರ್ಜಿ ಹಾಕಿ. ಸೀಟು ಸುಲಭಕ್ಕೆ ಸಿಗಲ್ಲ. ದಸರಾಕ್ಕೆ ಊರಿಗೆ ಬರುವ ಆಸೆ ಬಿಡಿ, ಆಗ ಇಲ್ಲಿ ಶಾಲೆ ನಡೆಯುತ್ತಿರುತ್ತದೆ. ಟಿಕೆಟ್ ಅಗ್ಗ ಅಂತ ರಜೆಗೆ ಎರಡು ದಿನ ಮೊದಲೇ ಹೊರಟರೆ ಏರ್‌ಪೋರ್ಟಲ್ಲಿ ಪೊಲೀಸರು ಕೇಳಬಹುದು, ದಂಡವೂ ಬೀಳಬಹುದು. ಸುಮ್ನೆ ಹೆದರಿಸುತ್ತಿಲ್ಲ.

ಅಂದಹಾಗೆ, ಇಲ್ಲಿ ಈಜು ಪಿ.ಟಿ. ಪೀರಿಯಡ್‌ನಲ್ಲೇ ಬರುತ್ತದೆ. ಮಿಕ್ಕ ಮಕ್ಕಳಲ್ಲಿ ಬಹಳ ಜನ ಆಗಲೇ ಕಲಿತಿರುತ್ತಾರೆ. ನನ್ನ ಮಗ ದಡದಲ್ಲಿ ಕೂತು ನೋಡುತ್ತಿದ್ದ. ಹೊರಡಲು ಇನ್ನೂ ಎರಡು ತಿಂಗಳು ಇದೆ ಅಂದಿರಲ್ವಾ, ನಾಳೆಯೇ ಅವಳನ್ನು ಸರಸ್ವತಿಪುರಂನ ಯೂನಿವರ್ಸಿಟಿ ಈಜುಕೊಳಕ್ಕೆ ಕರೆದುಕೊಂಡು ಹೋಗಿ ವಿಚಾರಿಸಿ.