ಟಾರ್ಪಾಲು ಬಿಚ್ಚಿದಾಗ ಹೆಂಡದ ವಾಸನೆ

ಕ್ರೆಬ್ಸ್ ಚಕ್ರ, ಅಂದರೆ ಜೀವಕೋಶ ಆಹಾರದಿಂದ ಶಕ್ತಿ ತೆಗೆಯುವಾಗ ನಡೆಯುವ ಒಂದು ಸುತ್ತು ಕ್ರಿಯೆಗಳು, ಅದನ್ನು ಬಾಯಿಪಾಠ ಮಾಡೋಕೆ ಸುಲಭ ದಾರಿ ಕೇಳಿದ್ದೀರಿ. ಆ ದಾರಿ ನನಗೆ ಚೆನ್ನಾಗಿ ಗೊತ್ತಿತ್ತು. ಪಿಯುಸಿಯಲ್ಲಿ ಇಡೀ ಚಕ್ರವನ್ನು ಮಗ್ಗಿ ಹಾಗೆ ಒಪ್ಪಿಸುತ್ತಿದ್ದೆ. ಅದೇ ವರ್ಷ ಮನೆಯ ಬಿತ್ತನೆ ಭತ್ತವನ್ನು ನಾನೇ ಕೊಂದುಹಾಕಿದೆ.

ನಮ್ಮದು ಮಂಡ್ಯ ಕಡೆ. ನಾಲೆಗೆ ನೀರು ಬಿಟ್ಟಿದ್ದರು, ಒಟ್ಲು (ಸಸಿಮಡಿ) ಹಾಕಬೇಕಿತ್ತು, ಅಪ್ಪನಿಗೆ ಜ್ವರ. ಭತ್ತವನ್ನು ಒಂದು ದಿನ ನೆನೆಸಿ, ನೀರು ಬಸಿದು, ಗೋಣಿಚೀಲದಲ್ಲಿ ಮೊಳಕೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. "ಆಗಾಗ ಮಗುಚು, ನೀರು ಚಿಮುಕಿಸು, ಗಾಳಿಯಾಡಲಿ" ಅಂದಿದ್ದರು. ಹೊರಗೆ ಜಿಟಿಜಿಟಿ ಮಳೆ. ಬೆಚ್ಚಗಿದ್ದರೆ ಬೇಗ ಮೊಳೆಯುತ್ತದೆ ಅಂದುಕೊಂಡು ಎರಡು ಚೀಲವನ್ನೂ ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಟಾರ್ಪಾಲು ಸುತ್ತಿ, ಹಗ್ಗ ಬಿಗಿದೆ. ಎರಡು ದಿನ ಆ ಕಡೆ ತಲೆ ಹಾಕಲಿಲ್ಲ.

ಬಿಚ್ಚಿದರೆ ನಡುವಿನ ಭತ್ತ ಕೈ ಇಡಲಾಗದಷ್ಟು ಬಿಸಿ. ಹುಳಿ ಹೆಂಡದ ವಾಸನೆ. ಕೆಲವು ಕಾಳಲ್ಲಿ ಬಿಳಿ ಮೊಳಕೆ ಉದ್ದಕ್ಕೆ ಬಂದಿತ್ತು, ಬೇರು ಮಾತ್ರ ಇರಲಿಲ್ಲ.

ತಪ್ಪು ಟಾರ್ಪಾಲಿನದಲ್ಲ, ನನ್ನ ತಲೆಯದು. ಉಸಿರಾಟ ಅಂದರೆ ಮೂಗು, ಶ್ವಾಸಕೋಶ, ಎದೆ ಏರಿಳಿಯುವುದು ಅಂತ ಕೂತುಬಿಟ್ಟಿತ್ತು. ಭತ್ತಕ್ಕೆ ಮೂಗೆಲ್ಲಿದೆ? ಹಾಗಾಗಿ ಗಾಳಿ ಏಕೆ ಬೇಕು ಅನ್ನೋ ಪ್ರಶ್ನೆಯೇ ಏಳಲಿಲ್ಲ. ಮೂಗು ಗಾಳಿ ಎಳೆಯುವುದಕ್ಕೂ, ಕೋಶ ಸಕ್ಕರೆ ಒಡೆಯುವುದಕ್ಕೂ ಕನ್ನಡದಲ್ಲಿ ಉಸಿರಾಟ ಅಂತಲೇ ಹೇಳಿಬಿಡುತ್ತೇವೆ, ಅದೂ ಒಂದು ಕಾರಣ. ಮೂಗಿನದು ಬರೀ ಸಾಗಣೆ. ಅಸಲಿ ಉಸಿರಾಟ ಕೋಶದೊಳಗೆ ನಡೆಯುತ್ತದೆ. ಅಲ್ಲಿ 6 ಇಂಗಾಲದ ಗ್ಲೂಕೋಸ್ ಸಕ್ಕರೆ ಒಡೆದು 3 ಇಂಗಾಲದ ಎರಡು ಪೈರುವೇಟ್ ಆಗುತ್ತದೆ. ಇದಕ್ಕೆ ಆಮ್ಲಜನಕ ಬೇಡ, ಆದರೆ ಸಿಗುವುದು 2 ಎಟಿಪಿ ಮಾತ್ರ (ಎಟಿಪಿ ಅಂದರೆ ಕೋಶ ಖರ್ಚು ಮಾಡುವ ಶಕ್ತಿಯ ಚಿಲ್ಲರೆ). ದೊಡ್ಡ ಸಂಪಾದನೆ ಕೋಶದೊಳಗಿನ ಶಕ್ತಿ ಕಾರ್ಖಾನೆಯಾದ ಮೈಟೊಕಾಂಡ್ರಿಯಾದಲ್ಲಿ. ಅಲ್ಲಿ, ಹೆಚ್ಚಿನ ಪಾಲು ಕ್ರೆಬ್ಸ್ ಚಕ್ರದಲ್ಲಿ, ಸಕ್ಕರೆಯ ಇಂಗಾಲವೆಲ್ಲ ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ, ಅದರ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ಇಳಿಯುತ್ತಾ ಬರುತ್ತವೆ. ಆಮ್ಲಜನಕ ಕಾದಿರುವುದು ಕಟ್ಟಕಡೆಯಲ್ಲಿ. ಎಲೆಕ್ಟ್ರಾನುಗಳನ್ನು ತೆಗೆದುಕೊಂಡು ನೀರಾಗುತ್ತದೆ, ಅಷ್ಟೇ ಅದರ ಕೆಲಸ. ಕೊನೇ ಸ್ಟಾಪಿನಲ್ಲಿ ಇಳಿಯೋಕೆ ಜಾಗ ಇಲ್ಲದಿದ್ದರೆ ಹಿಂದಿನ ಬಸ್ಸೆಲ್ಲ ನಿಲ್ಲುತ್ತವೆ ಅಲ್ವಾ, ಹಾಗೆ ಆಮ್ಲಜನಕ ಇಲ್ಲದಿದ್ದರೆ ಕ್ರೆಬ್ಸ್ ಚಕ್ರವೂ ನಿಲ್ಲುತ್ತದೆ.

ಮೊಳೆಯುವ ಕಾಳು ಜೋರಾಗಿ ಉಸಿರಾಡುತ್ತದೆ. ಬಿಡುಗಡೆಯಾಗುವ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿಯಾಗಿಯೇ ಹೋಗುತ್ತದೆ. ನಾನು ಆ ಬಿಸಿಯನ್ನು ಕಟ್ಟಿಹಾಕಿದೆ, ಗಾಳಿಯನ್ನೂ ತಡೆದೆ. ಗಾಳಿ ಮುಗಿದ ಮೇಲೆ ಪೈರುವೇಟ್ ಆಲ್ಕೋಹಾಲ್ ಆಯಿತು. ಅಪ್ಪ ಮಗುಚು ಅಂದಿದ್ದು ಈ ಎರಡಕ್ಕೂ ಮದ್ದು. ಅವರು ಓದಿದ್ದು ನಾಲ್ಕನೇ ಕ್ಲಾಸು. ಬಿತ್ತನೆ ಬೀಜಕ್ಕೆ ಮತ್ತೆ ಸಾಲ ಮಾಡಿದರು, ನನಗೆ ಒಂದು ಮಾತೂ ಬೈಯಲಿಲ್ಲ.

ಹಾಗಾಗಿ ಬಾಯಿಪಾಠದ ದಾರಿ ನಾನು ಹೇಳಲ್ಲ. ನಿಮಗೆ ಬೇಕಾಗಿರುವುದು ಅದಲ್ಲ. ಚಕ್ರದ ಹೆಸರುಗಳು ಪರೀಕ್ಷೆ ಹಿಂದಿನ ವಾರ ತಾನಾಗಿ ಬರುತ್ತವೆ. (ಚಕ್ರ ಕಂಡುಹಿಡಿದ ವಿಜ್ಞಾನಿ ಕ್ರೆಬ್ಸ್ 1937ರಲ್ಲಿ ಇದನ್ನು ಬರೆದು ಕಳಿಸಿದಾಗ ನೇಚರ್ ಅನ್ನೋ ವಿಜ್ಞಾನ ಪತ್ರಿಕೆ ವಾಪಸ್ ಕಳಿಸಿತ್ತು. ಅದೇ ಕೆಲಸಕ್ಕೆ 1953ರಲ್ಲಿ ನೊಬೆಲ್ ಬಂತು. ನಿಮಗೆ ಒಂದೇ ಸಲಕ್ಕೆ ಅರ್ಥವಾಗದಿದ್ದರೆ ಏನೂ ಆಗಲ್ಲ.) ಒಂದು ಗ್ಲೂಕೋಸಿಗೆ ಒಟ್ಟು ಎಟಿಪಿ 38 ಅಂತ ಹಳೇ ಪುಸ್ತಕ, ಸುಮಾರು 30 ಅಂತ ಹೊಸವು. ನಿಮ್ಮ ಪುಸ್ತಕದಲ್ಲಿದ್ದದ್ದು ಬರೆಯಿರಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಅದರ ಬದಲು ಇವತ್ತೇ ಹೆಸರುಕಾಳು ನೆನೆಸಿ. ಮೊಳಕೆ ಬಂದಾಗ ಅರ್ಧವನ್ನು ಬೇಯಿಸಿ ಆರಿಸಿ ಒಂದು ಥರ್ಮಾಸ್ ಫ್ಲಾಸ್ಕಿಗೆ, ಉಳಿದರ್ಧವನ್ನು ಹಾಗೇ ಇನ್ನೊಂದಕ್ಕೆ ಹಾಕಿ. ಬಾಯಿಗೆ ಹತ್ತಿ ತುರುಕಿ, ಎರಡಕ್ಕೂ ಥರ್ಮಾಮೀಟರ್ ಇಟ್ಟು, ಯಾವುದು ಹೆಚ್ಚು ಬೆಚ್ಚಗಿದೆ ಅಂತ ಮಾರನೇ ದಿನ ನೋಡಿ. ಫ್ಲಾಸ್ಕ್ ಅಮ್ಮನದಾಗಿದ್ದರೆ ಮೊದಲೇ ಕೇಳಿ ತಗೊಳ್ಳಿ, ಕಾಳಿನ ವಾಸನೆ ಸುಮ್ನೆ ತೊಳೆದರೆ ಹೋಗಲ್ಲ.