ಕುಮಟಾದ ಹತ್ತಿರ ಐದು ಗುಂಟೆ ಹಿತ್ತಲಿನಲ್ಲಿ ಹಣ್ಣಿನ ಮರ ಮತ್ತು ತರಕಾರಿ ಎರಡನ್ನೂ ಬೆಳೆಯಬಹುದೇ?

ಬೆಳೆಯಬಹುದು. ಆದರೆ ನೀವು ಪಟ್ಟಿ ಮಾಡಿರುವ ಹನ್ನೆರಡು ಹಣ್ಣಿನ ಸಸಿಗಳನ್ನು ಬರುವ ಜೂನ್ ತಿಂಗಳಲ್ಲಿ ಒಟ್ಟಿಗೇ ತಂದು ನೆಟ್ಟರೆ, ಕೆಲವು ವರ್ಷಗಳಲ್ಲಿ ಆ ಜಾಗದಲ್ಲಿ ಮರಗಳಷ್ಟೇ ಉಳಿದು ತರಕಾರಿಗೆ ಬಿಸಿಲೇ ಸಿಗದಂತಾಗುತ್ತದೆ. ಮನೆಯ ಹಿಂದೆ ಉತ್ತರಕ್ಕೆ ಐದು ಗುಂಟೆ ಜಂಬಿಟ್ಟಿಗೆ ನೆಲವಿದೆ, ಬಾವಿಯ ನೀರು ಏಪ್ರಿಲ್ ಹೊತ್ತಿಗೆ ತಳ ಕಾಣುತ್ತದೆ, ಮಳೆಗಾಲದಲ್ಲಿ ಅಂಗಳದ ನೀರೆಲ್ಲ ಅತ್ತಲೇ ಹರಿಯುತ್ತದೆ ಎಂದು ಬರೆದಿದ್ದೀರಿ. ಯಾವ ಸಸಿ ಎನ್ನುವ ಪ್ರಶ್ನೆಗಿಂತ ಮೊದಲು ಈ ವಿವರಗಳಿಗೇ ಉತ್ತರ ಹುಡುಕಬೇಕು. ನಾನು ಪಕ್ಕದ ಅಂಕೋಲಾ ತಾಲೂಕಿನವನು. ನನ್ನ ಹಿತ್ತಲೂ ಹೆಚ್ಚುಕಡಿಮೆ ಇಂಥದ್ದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಜಾಗದ ಲೆಕ್ಕ. ಒಂದು ಗುಂಟೆ ಎಂದರೆ 1089 ಚದರ ಅಡಿ, ಅಂದರೆ ಸುಮಾರು 101 ಚದರ ಮೀಟರ್. ಮಾವಿಗೆ ಸಾಂಪ್ರದಾಯಿಕವಾಗಿ ಬಿಡುವ ಅಂತರ 10 ಮೀಟರ್ ಆದ್ದರಿಂದ, ಬೆಳೆಯಲು ಬಿಟ್ಟ ಒಂದು ಮಾವಿನ ಮರಕ್ಕೆ ಒಂದು ಗುಂಟೆ ಪೂರ್ತಿ ಬೇಕು. ಹಲಸಿಗೂ ಅಷ್ಟೇ ಬೇಕು. ಹಲಸು ನಿಮ್ಮ ಪಟ್ಟಿಯಲ್ಲಿದೆ. ಅದನ್ನು ಬಿಟ್ಟುಬಿಡಿ ಎಂಬುದು ನನ್ನ ಸಲಹೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಹಲಸಿನ ಹಣ್ಣನ್ನು ದುಡ್ಡು ಕೊಟ್ಟು ತರುವ ಪ್ರಸಂಗ ಬರುವುದೇ ಅಪರೂಪ, ಮೇ ತಿಂಗಳಲ್ಲಿ ನೆರೆಮನೆಯವರೇ ಕರೆದು ಕೊಡುತ್ತಾರೆ. ಲಿಚಿಗೆ ಹೂ ಬಿಡಲು ಚಳಿ ಬೇಕು, ಅದು ಕರಾವಳಿಯಲ್ಲಿ ಇಲ್ಲ. ಲಿಂಬೆ ಗಿಡ ಬದುಕುತ್ತದೆ, ಆದರೆ ನಾಲ್ಕು ತಿಂಗಳ ಮಳೆಯಲ್ಲಿ ಎಲೆ, ಕಾಯಿಗಳ ಮೇಲೆ ಕಜ್ಜಿರೋಗ ಹಬ್ಬುತ್ತದೆ. ಹೀಗೆ ಕಳೆಯುತ್ತ ಹೋದರೆ ನಿಮ್ಮ ಜಾಗಕ್ಕೆ ಶಾಶ್ವತವಾಗಿ ಹೊಂದುವ ಮರಗಳು ನಾಲ್ಕು: ಒಂದು ಮಾವು, ಒಂದು ಚಿಕ್ಕು, ಒಂದು ಮುರುಗಲು (ಕೋಕಂ), ಒಂದು ಪೇರಲ. ಪ್ರತಿವರ್ಷ ಸವರಿ ಗಿಡ್ಡವಾಗಿಟ್ಟರೆ ಈ ನಾಲ್ಕೂ ಎರಡು ಗುಂಟೆಯೊಳಗೆ ಕೂರುತ್ತವೆ. ಪಪ್ಪಾಯಿ ಮತ್ತು ಬಾಳೆಯನ್ನು ಇವು ದೊಡ್ಡವಾಗುವವರೆಗೆ ನಡುವಿನ ಜಾಗದಲ್ಲಿ ಹಾಕಿಕೊಳ್ಳಬಹುದು.

ಈ ಎರಡು ಗುಂಟೆ ಎಲ್ಲಿರಬೇಕು ಎನ್ನುವುದನ್ನು ಡಿಸೆಂಬರ್ ತಿಂಗಳ ನೆರಳು ನೋಡಿ ನಿರ್ಧರಿಸಬೇಕು. ಕರಾವಳಿಯಲ್ಲಿ ತರಕಾರಿಯ ಮುಖ್ಯ ಕಾಲ ಮಳೆ ನಿಂತ ಮೇಲಿನ ನವೆಂಬರ್‌ನಿಂದ ಏಪ್ರಿಲ್‌ವರೆಗಿನದು. ಆ ಅವಧಿಯ ಬಹುಭಾಗದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ನಮ್ಮ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ವಾರ ನಡುಮಧ್ಯಾಹ್ನ 10 ಮೀಟರ್ ಎತ್ತರದ ಮರದ ನೆರಳು ಸುಮಾರು 8 ಮೀಟರ್ ಉದ್ದವಿರುತ್ತದೆ, ಬೆಳಿಗ್ಗೆ ಮತ್ತು ಸಂಜೆ ಇನ್ನೂ ಉದ್ದ. ಆದ್ದರಿಂದ ಮರಗಳು ಹಿತ್ತಲಿನ ಉತ್ತರದ ತುದಿಗೆ ಹೋಗಬೇಕು, ತರಕಾರಿ ಮಡಿಗಳು ಮನೆ ಮತ್ತು ಮರಗಳ ನಡುವೆ ಬರಬೇಕು. ಮನೆಯ ನೆರಳೂ ಹಿತ್ತಲಿಗೇ ಬೀಳುವುದರಿಂದ ಗೋಡೆಯಿಂದ ಮೂರು ನಾಲ್ಕು ಮೀಟರ್ ಜಾಗವನ್ನು ಅರಿಶಿನ, ಶುಂಠಿ, ಕೆಸು ಮುಂತಾದ ನೆರಳು ತಾಳುವ ಗಿಡಗಳಿಗೆ ಬಿಡಿ. ಹಾಗೆಂದು ಮರಗಳನ್ನು ಬೇಲಿಗೇ ಒತ್ತಿ ನೆಡಬೇಡಿ. ಬೇಲಿಯಾಚೆ ಇರುವವರಿಗೂ ತರಕಾರಿ ಮಡಿ ಇರಬಹುದು, ನೆರಳಿನಿಂದ ಆರಂಭವಾದ ಜಗಳ ಹಣ್ಣು ಹಂಚಿದರೂ ತೀರುವುದಿಲ್ಲ. ತೆಂಗು ಬೇಕೆನಿಸಿದರೆ ವಾಯವ್ಯ ಮೂಲೆಯಲ್ಲಿ ಒಂದೆರಡು ಸಾಕು.

ಇನ್ನು ಜುಲೈ ತಿಂಗಳ ನೀರು. ನಮ್ಮ ಕಡೆ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುತ್ತದೆ. ಒಂದೇ ದಿನ 100 ಮಿಲಿಮೀಟರ್ ಸುರಿದರೆ ನಿಮ್ಮ ಐದು ಗುಂಟೆಯ ಮೇಲೆ ಬೀಳುವ ನೀರು ಸುಮಾರು 50,000 ಲೀಟರ್. ಅಂಗಳದಿಂದ ಹರಿದು ಬರುವುದು ಅದಕ್ಕೆ ಸೇರಿಕೊಳ್ಳುತ್ತದೆ. ಆದ್ದರಿಂದ ಒಂದೂ ಸಸಿ ತರುವ ಮುನ್ನ, ಅಂಗಳದ ನೀರನ್ನು ಮೇಲ್ಭಾಗದಲ್ಲೇ ತಡೆದು ಪಕ್ಕಕ್ಕೆ ತಿರುಗಿಸುವ ಒಂದು ಬಸಿಗಾಲುವೆಯನ್ನು, ಅಡಿಕೆ ತೋಟದ ಕಾದಿಗೆಯ ರೀತಿಯಲ್ಲಿ, ಏಪ್ರಿಲ್ ಒಳಗೆ ತೋಡಿಸಿ. ಜಂಬಿಟ್ಟಿಗೆಯಲ್ಲಿ ಮೂರಡಿ ಗುಂಡಿ ತೋಡಿ ಗೊಬ್ಬರ ತುಂಬಿ ಸಸಿ ನೆಡುವ ಪದ್ಧತಿ ಪುಸ್ತಕಗಳಲ್ಲೆಲ್ಲ ಇದೆ, ಆದರೆ ಅಡಿಯಲ್ಲಿ ಗಟ್ಟಿ ಕಲ್ಲು ಸಿಕ್ಕ ಜಾಗದಲ್ಲಿ ಆ ಗುಂಡಿ ಮಳೆಗಾಲವಿಡೀ ನೀರು ತುಂಬಿದ ತೊಟ್ಟಿಯಾಗಿ ಬೇರು ಕೊಳೆಯುತ್ತದೆ. ಗುಂಡಿ ತೋಡಿದ ಮೇಲೆ ಅದರ ತುಂಬ ನೀರು ಹಾಕಿ ನೋಡಿ: ಮರುದಿನವೂ ನೀರು ನಿಂತಿದ್ದರೆ ಆ ಜಾಗದಲ್ಲಿ ಮಣ್ಣು ಏರಿಸಿ ದಿಬ್ಬ ಮಾಡಿಯೇ ನೆಡಬೇಕು, ಇಲ್ಲವೇ ಜಾಗ ಬದಲಿಸಬೇಕು. ಪಪ್ಪಾಯಿಗಂತೂ ಎಲ್ಲಿಯೇ ಆದರೂ ಒಂದೂವರೆ ಅಡಿ ಎತ್ತರದ ದಿಬ್ಬ ಕಡ್ಡಾಯ. ಬುಡದಲ್ಲಿ ಒಂದೆರಡು ದಿನ ನೀರು ನಿಂತರೆ ಅದು ಉಳಿಯುವುದಿಲ್ಲ. ನೆಡುವ ಸಮಯದ ಬಗ್ಗೆ ನನ್ನ ಅಭಿಪ್ರಾಯ ರೂಢಿಗಿಂತ ಬೇರೆ. ನೀರು ಚೆನ್ನಾಗಿ ಬಸಿಯುವ ಇಳಿಜಾರಿನಲ್ಲಿ ಜೂನ್ ಸರಿ. ನಿಮ್ಮಂಥ ಜಾಗದಲ್ಲಿ ಮಳೆಯ ಆರ್ಭಟ ಇಳಿಯುವ ಆಗಸ್ಟ್ ಕೊನೆಯವರೆಗೆ ಕಾಯುವುದು ಒಳ್ಳೆಯದು. ಆಗ ಮೊದಲ ಬೇಸಿಗೆಗೆ ನೀರುಣಿಸುವ ಹೊಣೆ ಹೆಚ್ಚುತ್ತದೆ ಎನ್ನುವುದು ನಿಜ.

ಮಾವಿನಲ್ಲಿ ಊರಿನ ತಳಿಯನ್ನೇ ಆರಿಸಿ. ಅಂಕೋಲಾದ ಕರಿ ಇಶಾಡಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ತೆಳು ಸಿಪ್ಪೆ, ಹೆಚ್ಚು ತಿರುಳು, ಬಹಳ ಸಿಹಿ. ಬಿಳಿ ಇಶಾಡಿನ ಸಿಪ್ಪೆ ದಪ್ಪ, ತಿರುಳು ಕಡಿಮೆ. ಸಸಿ ಕೊಳ್ಳುವಾಗ ಯಾವುದರ ಕಸಿ ಎಂದು ಕೇಳಿ ಖಚಿತಪಡಿಸಿಕೊಳ್ಳಿ, ನೆಟ್ಟ ಮೇಲೆ ಕಸಿಯ ಗಂಟು ಮಣ್ಣಿನಿಂದ ಮೇಲೆಯೇ ಇರಲಿ. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆ. ಬೀಜದ ಸಸಿ ನೆಟ್ಟವರು ಅದು ಹೂ ಬಿಡುವವರೆಗೆ ವರ್ಷಗಟ್ಟಲೆ ಕಾದು ಕೊನೆಗೆ ಗಂಡು ಮರವೆಂದು ತಿಳಿದು ಕಡಿಯುವುದನ್ನು ನಮ್ಮೂರಿನಲ್ಲಿ ನೋಡುತ್ತಲೇ ಇದ್ದೇನೆ. ಹೆಣ್ಣು ಮರದ ಕಸಿಯನ್ನೇ ತನ್ನಿ, ಮತ್ತು ಕಸಿಕಡ್ಡಿ ನೇರವಾಗಿ ಮೇಲಕ್ಕೆ ಬೆಳೆಯುವ ಕುಡಿಯದ್ದೇ ಎಂದು ಕೇಳಿ. ಅಡ್ಡರೆಂಬೆಯ ಕಸಿ ಮರವಾಗದೆ ಪೊದೆಯಾಗಿ ಹರಡುತ್ತದೆ. ಪೇರಲದ ಮಳೆಗಾಲದ ಫಸಲು ಹಣ್ಣುನೊಣದ ಹುಳುವಿಗೇ ಮೀಸಲು, ಆದ್ದರಿಂದ ಮೇ ತಿಂಗಳಲ್ಲಿ ರೆಂಬೆ ಸವರಿ ಆ ಹೂಗಳನ್ನು ತೆಗೆದುಬಿಟ್ಟರೆ ಚಳಿಗಾಲದಲ್ಲಿ ಒಳ್ಳೆಯ ಹಣ್ಣು ಸಿಗುತ್ತದೆ.

ಮಣ್ಣಿನ ವಿಷಯ. ಇಷ್ಟು ಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ನಮ್ಮ ಮಣ್ಣು ಹುಳಿಯಾಗಿರುತ್ತದೆ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ, ವರದಿ ಹೇಳಿದಷ್ಟೇ ಸುಣ್ಣ ಹಾಕಿ. ಚಿಪ್ಪು ಸುಟ್ಟು ಅರಳಿಸಿದ ಸುಣ್ಣ ಸುಣ್ಣಕಲ್ಲಿನ ಪುಡಿಗಿಂತ ತೀಕ್ಷ್ಣ. 100 ಕಿಲೋ ಪುಡಿಯ ಕೆಲಸವನ್ನು ಅದು ಸುಮಾರು 74 ಕಿಲೋದಲ್ಲೇ ಮಾಡುತ್ತದೆ. ಸುಣ್ಣ ಮತ್ತು ಕೊಟ್ಟಿಗೆ ಗೊಬ್ಬರವನ್ನು ಒಟ್ಟಿಗೆ ಸೇರಿಸಬಾರದು, ಗೊಬ್ಬರದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ನಡುವೆ ಎರಡು ಮೂರು ವಾರ ಬಿಡಿ. ಘಟ್ಟದ ಮೇಲಿನ ನೆಂಟರು ಹೇಳುವ ಸೊಪ್ಪು ಗೊಬ್ಬರದ ಸಲಹೆ ಒಳ್ಳೆಯದೇ, ಆದರೆ ಅವರಿಗೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು, ಅಂದರೆ ಸೊಪ್ಪಿನ ಬೆಟ್ಟವಿದೆ, ನಮಗಿಲ್ಲ. ರಸ್ತೆ ಬದಿಯ ದರಕು (ಉದುರಿದ ಒಣ ಎಲೆ) ಗುಡಿಸಿ ತಂದರೂ ನಡೆಯುತ್ತದೆ.

ತರಕಾರಿಯಲ್ಲಿ ಋತುವನ್ನು ಮೀರಲು ಹೋಗದಿರುವುದು ಲೇಸು. ಮಳೆ ಹಿಡಿಯುವ ಹೊತ್ತಿಗೆ ಏರುಮಡಿಗಳಲ್ಲಿ ಹೀರೆ, ಪಡವಲ, ಹಾಗಲ, ಸೌತೆ, ಬೆಂಡೆ ಬಿತ್ತಿದರೆ ಚೌತಿಯ ಹೊತ್ತಿಗೆ ಅಡುಗೆಗೂ, ಗಣಪತಿಯ ಮೇಲೆ ಕಾಯಿ-ಹಣ್ಣು ಕಟ್ಟುವ ಫಲಾವಳಿಗೂ ಕಾಯಿ ಸಿಗುತ್ತದೆ. ಬಳ್ಳಿಗಳನ್ನು ನೆಲದಲ್ಲಿ ಹರಿಯಲು ಬಿಡದೆ ಚಪ್ಪರಕ್ಕೆ ಏರಿಸಬೇಕು. ಟೊಮೆಟೊ, ಬದನೆ, ಮೆಣಸು, ಹರಿವೆ, ಅಲಸಂದೆ, ಮೊಗೆಕಾಯಿ ಮುಂತಾದವೆಲ್ಲ ಅಕ್ಟೋಬರ್ ನಂತರವೇ. ಬೇಸಿಗೆಯಲ್ಲಿ ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ಮಾರುವ ಕುಮಟಾದ ಸಿಹಿ ಈರುಳ್ಳಿಯನ್ನೂ ಬೆಳೆಯಬೇಕೆಂದು ಕೇಳಿದ್ದೀರಿ. ಅದು ಅಳ್ವೆಕೋಡಿ, ಹಂದಿಗೋಣದ ಮರಳು ಮಿಶ್ರಿತ ಗದ್ದೆಗಳ ಬೆಳೆ, ಜಂಬಿಟ್ಟಿಗೆಯಲ್ಲಿ ಆ ಗಾತ್ರ ನಿರೀಕ್ಷಿಸಬೇಡಿ.

ಟೊಮೆಟೊ ಅಥವಾ ಬದನೆಯ ಗಿಡ ಹಸಿರಾಗಿರುವಾಗಲೇ ಒಂದೆರಡು ದಿನದಲ್ಲಿ ಸೊರಗಿ ಬಿದ್ದರೆ, ಕಾಂಡವನ್ನು ಬುಡದಲ್ಲಿ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಡಿ. ಹಾಲಿನಂಥ ಬಿಳಿ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ, ಔಷಧದಿಂದ ವಾಸಿಯಾಗುವುದಿಲ್ಲ. ಆ ಮಡಿಯಲ್ಲಿ ಕೆಲವು ವರ್ಷ ಬದನೆ ಜಾತಿಯ ಯಾವುದನ್ನೂ ಹಾಕದೆ, ಬೇರೆ ಮಡಿಯಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊವನ್ನೋ, ಕಾಡುಸುಂಡೆಯ ಬೇರಿಗೆ ಕಸಿ ಮಾಡಿದ ಬದನೆಯನ್ನೋ ಹಾಕಿ. ಹಾಗಲ, ಹೀರೆಯ ಎಳೆ ಕಾಯಿಗಳಿಗೆ ಹಣ್ಣುನೊಣ ತಾಗದಂತೆ ಕಾಗದದ ಚೀಲ ಕಟ್ಟುವುದು ಮನೆಮಟ್ಟಿಗೆ ಸಾಕು.

ಬಾವಿ ನಿಮ್ಮ ತರಕಾರಿಯ ಗಾತ್ರವನ್ನು ನಿಗದಿ ಮಾಡುತ್ತದೆ. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ಎಂದು ಹಿಡಿದರೆ ಒಂದು ಗುಂಟೆಗೆ 400ರಿಂದ 500 ಲೀಟರ್ ಬೇಕು. ಮಡಿಗಳ ಮೇಲೆ ದಪ್ಪಗೆ ದರಕು ಹೊದೆಸಿದರೆ ಇದು ಇಳಿಯುತ್ತದೆ. ಆದರೂ ಮಾರ್ಚ್ ನಂತರ ಒಂದು ಗುಂಟೆಗಿಂತ ಹೆಚ್ಚು ತರಕಾರಿಯನ್ನು ಇಟ್ಟುಕೊಳ್ಳಬೇಡಿ, ಎಳೆ ಮರಗಳಿಗೂ ನೀರು ಉಳಿಯಬೇಕು. ನಿಮ್ಮ ಮನೆ ಹಿನ್ನೀರಿಗೆ ಹತ್ತಿರವಿದ್ದರೆ ಏಪ್ರಿಲ್‌ನಲ್ಲಿ ಬಾವಿಯ ನೀರು ಉಪ್ಪಾಗುತ್ತದೆಯೇ ಎಂದೂ ರುಚಿ ನೋಡಿ. ಉಪ್ಪಾಗುವುದಾದರೆ ಚಿಕ್ಕು, ತೆಂಗು ತಾಳಿಕೊಳ್ಳುತ್ತವೆ, ಮಾವಿನ ಸಸಿ ಮತ್ತು ಬೀನ್ಸ್ ತಾಳುವುದಿಲ್ಲ.

ಮಂಗಗಳ ಬಗ್ಗೆ ಕೊನೆಯಲ್ಲಿ ಕೇಳಿದ್ದೀರಿ. ಬೆದರುಬೊಂಬೆ, ಪಟಾಕಿ ಎಲ್ಲವೂ ಕೆಲವು ದಿನ ನಡೆಯುತ್ತವೆ, ನಂತರ ಮಂಗಗಳು ಕಲಿತುಬಿಡುತ್ತವೆ. ಹಾಗಲ, ಮೆಣಸು, ಅರಿಶಿನ, ಕೆಸುವಿನ ತಂಟೆಗೆ ಅವು ಹೆಚ್ಚು ಬರುವುದಿಲ್ಲ. ಪೇರಲ ಮತ್ತು ಚಿಕ್ಕು ಮಾತ್ರ ಬಿಡುವುದಿಲ್ಲ. ಅದಕ್ಕೇ ಈ ಎರಡನ್ನು ಎಂಟು ಹತ್ತು ಅಡಿಗಿಂತ ಮೇಲೆ ಹೋಗಲು ಬಿಡದೆ, ಕಾಯಿ ಬಲಿಯುವ ತಿಂಗಳುಗಳಲ್ಲಿ ಇಡೀ ಗಿಡಕ್ಕೆ ಮೀನುಬಲೆ ಹೊದೆಸುತ್ತೇನೆ. ಹಳೆಯ ಬಲೆ ತದಡಿ, ಬೇಲೆಕೇರಿ ಕಡೆಯ ಮೀನುಗಾರರಲ್ಲಿ ವಿಚಾರಿಸಿದರೆ ಅಗ್ಗವಾಗಿ ಸಿಗುತ್ತದೆ.