ಎಂಬತ್ತು ಕಿಲೋ ಎಂತಕ್ಕೆ ಮಾರಾಯ್ರೆ?

ಬದಿಯಡ್ಕದ ಓದುಗರೊಬ್ರ ಕಾಗದ ಬಂದಿದೆ. ವಯಸ್ಸು 24, ಎತ್ತರ 172 ಸೆಂಟಿಮೀಟರ್, ಮೂರು ವರ್ಷ ಜಿಮ್ಮಿಗೆ ಹೋಗಿ 54 ಕಿಲೋ ಇದ್ದವ್ರು 66 ಆಗಿದ್ದಾರೆ, ತೋಳು 14 ಇಂಚು. ಜೊತೆಗೆ ಎಕ್ಸರ್ಸೈಜ್ ಮಾಡುವವನದ್ದು ಒಂದೇ ವರ್ಷದಲ್ಲಿ 17 ಆಯ್ತಂತೆ. ಮಾಂಸಖಂಡ ಬೆಳೆಸುವ ಸ್ಟೆರಾಯ್ಡ್ ಇಂಜೆಕ್ಷನ್ ಇಲ್ಲದೆ ಬರುವ ಮಳೆಗಾಲಕ್ಕೆ 80 ಕಿಲೋ ಆಗ್ಬಹುದಾ, ಇಲ್ಲ ನನ್ನ ಮೈಯೇ ಇಷ್ಟಾ ಅಂತ ಕೇಳಿದ್ದಾರೆ.

ಉತ್ತರ: ತಕ್ಕಡಿಯಲ್ಲಿ 80 ಕಾಣೂದು ದೊಡ್ಡ ಸಂಗತಿ ಅಲ್ಲ, ದಿನಾ ರಾತ್ರಿ ನಾಲ್ಕು ಪರೋಟ ಜಾಸ್ತಿ ತಿಂದ್ರೂ ಬರ್ತದೆ, ಆದ್ರೆ ಅದು ಹೊಟ್ಟೆಗೆ ಬರ್ತದೆ, ತೋಳಿಗಲ್ಲ. ಒಂದು ಲೆಕ್ಕ ಮಾಡುವ. ತೂಕದಲ್ಲಿ ಕೊಬ್ಬು ಕಳೆದು, ಉಳಿದ ಕಿಲೋವನ್ನು ಮೀಟರಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದ್ರೆ ಸಿಗೂದೇ ಎಫ್‌ಎಫ್‌ಎಂಐ, ಅಂದ್ರೆ ಎತ್ತರಕ್ಕೆ ತಕ್ಕ ಹಾಗೆ ಕೊಬ್ಬು ಬಿಟ್ಟ ಮೈ ಎಷ್ಟು ಅನ್ನುವ ಅಳತೆ. ನಿಮ್ಮ ಕೊಬ್ಬು ನೂರಕ್ಕೆ 14 ಅಂತ ಹಿಡಿದ್ರೆ 19 ಚಿಲ್ಲರೆ ಬರ್ತದೆ. 1995ರಲ್ಲಿ ಅಮೆರಿಕದಲ್ಲಿ ಸ್ಟೆರಾಯ್ಡ್ ತಗೊಳ್ಳುವವ್ರು, ತಗೊಳ್ಳದವ್ರು ಅಂತ 157 ಮಂದಿಯ ಅಳತೆ ತೆಗೆದಾಗ, ತಗೊಳ್ಳದವ್ರು ಹೆಚ್ಚೆಂದ್ರೆ 25ರ ಹತ್ರ ನಿಂತಿದ್ರು. ನೀವು 80 ಕಿಲೋ ಆಗಿ ಕೊಬ್ಬು ನೂರಕ್ಕೆ 8 ಮಾತ್ರ ಇಟ್ಕೊಂಡ್ರೆ? 24.9! ಹುಟ್ಟಿನಿಂದ್ಲೇ ಆ ಮೈಕಟ್ಟು ಇದ್ದವ್ರು ವರ್ಷಗಟ್ಟಲೆ ಬೆವರು ಸುರಿಸಿ ಮುಟ್ಟುವ ಗೆರೆ ಅದು, ನೀವು ಅದನ್ನು ಒಂದು ಮಳೆಗಾಲದೊಳಗೆ ಕೇಳ್ತಿದ್ದೀರಿ.

ಮೂರು ವರ್ಷ ಕಳೆದವನಿಗೆ ವರ್ಷಕ್ಕೆ ಒಂದೂವರೆ ಎರಡು ಕಿಲೋ ಮಾಂಸಖಂಡ ಬಂದ್ರೆ ಅದೇ ಹೆಚ್ಚು. ಮೂರ್ನಾಲ್ಕು ವರ್ಷದಲ್ಲಿ 72 ಕಿಲೋ, ಹೊಟ್ಟೆ ಚಪ್ಪಟೆ, ಅಷ್ಟಾದ್ರೆ ಅಂಗಿ ತೆಗೆದಾಗ ಜನ ತಿರುಗಿ ನೋಡ್ತಾರೆ.

ದೊಡ್ಡ ಕಾಣ್ಲಿಕ್ಕೆ ತೂಕವೇ ಬೇಕು ಅಂತಿಲ್ಲ. 1952ರಲ್ಲಿ ಮಿಸ್ಟರ್ ಯೂನಿವರ್ಸ್ ದೇಹದಾರ್ಢ್ಯ ಸ್ಪರ್ಧೆಯ ಗಿಡ್ಡರ ವಿಭಾಗ ಗೆದ್ದ ನಮ್ಮ ದೇಶದ ಮನೋಹರ್ ಆಯಿಚ್ ಎತ್ತರ 4 ಅಡಿ 11 ಇಂಚು, ಪಾಕೆಟ್ ಹರ್ಕ್ಯುಲಿಸ್ ಅಂತಲೇ ಹೆಸರು. ಅಷ್ಟು ದೂರ ಎಂತಕ್ಕೆ, ನಮ್ಮ ತೋಟಕ್ಕೆ ಮದ್ದು ಬಿಡ್ಲಿಕ್ಕೆ ಬರುವವ್ರು ನಿಮಗಿಂತ ಹಗುರ, ಅಡಕೆ ಮರದ ತುದಿಯಲ್ಲಿ ಒಂದು ಕೈಯಲ್ಲಿ ಪೈಪು ಹಿಡಿದು ಬಗ್ಗಿದಾಗ ಮುಂಗೈಯಲ್ಲಿ ಹಗ್ಗ ಹೊಸೆದ ಹಾಗೆ ನರ ಏಳ್ತದೆ.

ಸ್ನೇಹಿತನ 17 ಇಂಚಿನ ಗುಟ್ಟು ನಂಗೆ ಗೊತ್ತಿಲ್ಲ, ಕೇಳುವ ಹಕ್ಕೂ ಇಲ್ಲ. ಎಕ್ಸರ್ಸೈಜ್ ಮುಗಿದ ಕೂಡ್ಲೇ ಮಡಚಿ ಅಳೆದ್ರೆ ಟೇಪೂ ಸುಳ್ಳು ಹೇಳ್ತದೆ, ಬೆಳಗ್ಗೆ ಎದ್ದು ಅಳೀಲಿ. ಇಂಜೆಕ್ಷನ್ ಮಾತ್ರ ನೀವು ಮುಟ್ಬೇಡಿ: ಹೃದಯದ ಗೋಡೆ ದಪ್ಪ ಆಗ್ತದೆ, ಒಳ್ಳೆ ಕೊಲೆಸ್ಟ್ರಾಲ್ ಇಳೀತದೆ, ವೃಷಣ ಸಣ್ಣ ಆಗ್ತದೆ, ಗಂಡಸಿಗೆ ಸ್ತನ ಬೆಳೆಯೂದೂ ಉಂಟು.

ತಿನ್ನೂದು? ಕಿಲೋ ತೂಕಕ್ಕೆ 1.6 ಗ್ರಾಂ ಪ್ರೋಟೀನ್ ಸಾಕು, ನಿಮಗೆ ದಿನಕ್ಕೆ 105 ಗ್ರಾಂ. ಕುಚ್ಚಲಕ್ಕಿ ಗಂಜಿ ಬಿಡ್ಬೇಕಿಲ್ಲ, ಅದ್ರ ಜೊತೆ ಬಂಗುಡೆಯೋ ಹೆಸರುಕಾಳಿನ ಪಲ್ಯವೋ ಎರಡು ಮೊಟ್ಟೆಯೋ ಇರ್ಲಿ. ಸೊಂಟ 90 ಸೆಂಟಿಮೀಟರ್ ದಾಟಿದ್ರೆ ತಿನ್ನೂದು ಜಾಸ್ತಿಯಾಯ್ತು ಅಂತ ಲೆಕ್ಕ, ನಮ್ಮ ದೇಶದ ಗಂಡಸರಿಗೆ ಡಾಕ್ಟರ್‌ಗಳು ಇಟ್ಟ ಗೆರೆ ಅದು.

ಇನ್ನೊಮ್ಮೆ ಬರೆಯುವಾಗ ಸೊಂಟದ ಅಳತೆ, ಸ್ಕ್ವಾಟ್ ಎಷ್ಟು ಕಿಲೋ, ರಾತ್ರಿ ಎಷ್ಟು ಗಂಟೆ ನಿದ್ದೆ ಅಂತ ಬರೀರಿ. ತೋಳಿನದ್ದು ಬೇಡ.